ಬ್ರೆಕ್ಸಿಟ್ ಜಗಳ ನಮ್ಮ ಅಡುಗೆಮನೆ ಬಿಟ್ಟು ಹೋಗುತ್ತಿಲ್ಲ

ಅಕ್ಕ, ನಾವು ಹಾಸನ ಜಿಲ್ಲೆಯವರು. 2007ರಲ್ಲಿ ಇಂಗ್ಲೆಂಡಿಗೆ ಬಂದೆವು, ಈಗ ಸಂಡರ್‌ಲ್ಯಾಂಡಿನಲ್ಲಿದ್ದೇವೆ. ನಾನು ಆಸ್ಪತ್ರೆಯಲ್ಲಿ ನರ್ಸ್. ನಮ್ಮನೆಯವರು ಕಾರಿನ ಬಿಡಿಭಾಗ ಮಾಡುವ ಕಡೆ ಎಂಜಿನಿಯರ್. ಮಗನಿಗೆ ಹದಿನೇಳು. ಕಳೆದ ತಿಂಗಳು ಊಟಕ್ಕೆ ಕೂತಾಗ ಅವನು ನೆದರ್‌ಲ್ಯಾಂಡ್ಸ್‌ನಲ್ಲಿ ಓದುವ ಮಾತೆತ್ತಿದ. ಈಗ ಅಲ್ಲಿಗೆ ನಾವು ಹೊರಗಿನವರು. ವಾಸದ ಪರವಾನಗಿ ಬೇಕು, ಫೀಸು ಹಲವು ಪಟ್ಟು. ನನ್ನ ಬಾಯಿಂದ ಬಂದೇಬಿಟ್ಟಿತು, ‘ಇದು ನಿಮ್ಮಪ್ಪನ ಓಟಿನ ಪ್ರಸಾದ’ ಅಂತ. ಇವರು ತಟ್ಟೆ ಸರಿಸಿ ಎದ್ದುಹೋದರು. ಮೂರು ವಾರದಿಂದ ಮಾತಿಲ್ಲ. ಮಗ ‘ನೀವಿಬ್ಬರೂ ಏನೇನೋ ಮಾಡಿಕೊಂಡಿರಿ, ನನಗಾಗ ಎಂಟು ವರ್ಷ’ ಅಂದು ಬಾಗಿಲು ಹಾಕಿಕೊಂಡ.

2016ರ ಜೂನ್ 23ರಂದು, ಬ್ರಿಟನ್ ಯುರೋಪಿನ ಒಕ್ಕೂಟದಲ್ಲಿ ಇರಬೇಕೋ ಬಿಡಬೇಕೋ ಅನ್ನುವ ಜನಮತದಲ್ಲಿ, ಇವರು ‘ಲೀವ್’ಗೆ ಓಟು ಹಾಕಿ ಬಂದರು. ವಲಸೆ ಬಂದ ನಾವೇ ವಲಸೆ ಬೇಡ ಅನ್ನುವವರ ಜೊತೆ ಸೇರುವುದಾ? ನನಗೆ ಅವತ್ತಿನಿಂದ ಉರಿ. ನನ್ನ ವಾರ್ಡಿನಲ್ಲಿ ಪೋರ್ಚುಗಲ್‌ನ ಗೆಳತಿಯೊಬ್ಬಳಿದ್ದಳು. ಹನ್ನೊಂದು ವರ್ಷ ತೆರಿಗೆ ಕಟ್ಟಿದ್ದಳು, ಅವಳಿಗೆ ಓಟಿರಲಿಲ್ಲ. ಇಲ್ಲೇ ಉಳಿಯಲು ಅರ್ಜಿ ಹಾಕಬೇಕು ಅಂದಾಗ ಮನಸ್ಸು ಮುರಿದುಕೊಂಡು ಊರಿಗೆ ಹೋದಳು. ವಾರಕ್ಕೆ 35 ಕೋಟಿ ಪೌಂಡ್ ಯುರೋಪಿನ ಒಕ್ಕೂಟಕ್ಕೆ ಕಳಿಸುತ್ತಿದ್ದೇವೆ, ಅದನ್ನು ನಮ್ಮ ಆಸ್ಪತ್ರೆಗಳಿಗೆ ಕೊಡೋಣ ಅಂತ ಕೆಂಪು ಬಸ್ಸಿನ ಮೇಲೆ ಬರೆದಿದ್ದರಲ್ಲ, ಡಬಲ್ ಡ್ಯೂಟಿ ಮಾಡುವಾಗೆಲ್ಲ ಆ ಬಸ್ಸು ನೆನಪಾಗುತ್ತದೆ. ಇವರಿಗೆ ಎದುರುಮನೆಯ ರೊಮೇನಿಯಾದವರನ್ನು ಕಂಡರೂ ಹೊಟ್ಟೆಕಿಚ್ಚು. ಅವರು ಊರಿಂದ ತಾಯಿಯನ್ನು ಕರೆತಂದಿದ್ದರು. ಆ ಅಜ್ಜಿ ಬಾಗಿಲಲ್ಲಿ ಕೂತು ಬಟಾಣಿ ಸುಲಿಯುತ್ತಿದ್ದರೆ ಇವರು ಕಿಟಕಿಯಿಂದ ನೋಡುತ್ತಿದ್ದರು. 2019ರ ಜನವರಿಯಲ್ಲಿ ನಮ್ಮತ್ತೆ ತೀರಿಕೊಂಡರು, ಇವರು ಊರು ಮುಟ್ಟಿದ್ದು ಮೂರನೇ ದಿನ. ವಾಪಸ್ ಬಂದಮೇಲೆ ರಾತ್ರಿ ಹೊತ್ತು ಟಿವಿಯಲ್ಲಿ ಪಾರ್ಲಿಮೆಂಟೇ ಪಾರ್ಲಿಮೆಂಟು. ಇನ್ನೊಂದು ವಿಷಯ, ಜನಮತದ ದಿನ ನನಗೆ ಹನ್ನೆರಡು ಗಂಟೆ ಡ್ಯೂಟಿ, ನಾನು ಓಟು ಹಾಕಲಿಲ್ಲ. ಇವರಿಗೆ ಅದು ಗೊತ್ತಿಲ್ಲ. ಹತ್ತು ವರ್ಷವಾಗುತ್ತಾ ಬಂತು, ದೇಶ ಬಿಟ್ಟಾಯಿತು, ನಮ್ಮ ಜಗಳ ಯಾಕೆ ಬಿಡುತ್ತಿಲ್ಲ?
— ಹೆಸರು ಬೇಡ, ಸಂಡರ್‌ಲ್ಯಾಂಡ್

ತಂಗಿ,

ನಿಮ್ಮ ಕಾಗದವನ್ನು ಮೂರು ಸಲ ಓದಿದೆ. ಮೂರನೇ ಸಲ ಓದುವಾಗ ಎರಡು ಕಡೆ ಪೆನ್ಸಿಲಿನಲ್ಲಿ ಗೆರೆ ಎಳೆದೆ. ನೀವು ಓಡುನಡಿಗೆಯಲ್ಲಿ ಹೇಳಿ ಮುಂದೆ ಹೋದ ಮಾತುಗಳವು. ಅಲ್ಲಿಗೆ ಬರುತ್ತೇನೆ. ಅದಕ್ಕೆ ಮೊದಲು, ಈ ದಣಿವು ನಿಮ್ಮೊಬ್ಬರ ಮನೆಯದಲ್ಲ ಅನ್ನುವುದನ್ನು ಹೇಳಿಬಿಡಬೇಕು.

ಇಲ್ಲಿ ಕೂತು ಓದುವವರಿಗೆ ತಿಳಿಯಲಿ ಅಂತ ಹೇಳುತ್ತೇನೆ. ಆ ಜನಮತದಲ್ಲಿ ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡು ಅಲ್ಲಿ ನೆಲೆಸಿದ್ದ ಕನ್ನಡಿಗರಿಗೂ ಓಟು ಇತ್ತು, ಕಾಮನ್‌ವೆಲ್ತ್ ದೇಶದವರು ಅನ್ನುವ ಲೆಕ್ಕದಲ್ಲಿ. ಐರ್ಲೆಂಡ್, ಮಾಲ್ಟಾ, ಸೈಪ್ರಸ್‌ನವರನ್ನು ಬಿಟ್ಟರೆ ಯುರೋಪಿನ ಒಕ್ಕೂಟದ ಬೇರೆ ಯಾರಿಗೂ ಇರಲಿಲ್ಲ. ಯಾರ ಬದುಕು ತಲೆಕೆಳಗಾಗುವುದಿತ್ತೋ ಅವರು ಹೊರಗೆ ನಿಂತು ನೋಡಬೇಕಾಯಿತು. ನಿಮ್ಮ ಗೆಳತಿಯ ಮನಸ್ಸು ಮುರಿದದ್ದು ನನಗೆ ಅರ್ಥವಾಗುತ್ತದೆ. ಉಳಿಯಲು ಹಾಕುವ ಆ ಅರ್ಜಿಗೆ ಮೊದಲು 65 ಪೌಂಡ್ ಶುಲ್ಕವನ್ನೂ ಇಟ್ಟಿದ್ದರು, ಆಮೇಲೆ ಕೈಬಿಟ್ಟರು. ಹನ್ನೊಂದು ವರ್ಷ ರೋಗಿಗಳ ಮೈ ಒರೆಸಿದವಳಿಗೆ, ನೀನು ಇಲ್ಲಿರಲು ಅರ್ಜಿ ಹಾಕು ಅಂದರೆ ಅವಳು ನೋಯದೆ ಇರುತ್ತಾಳೆಯೇ?

ಬಸ್ಸಿನ ಮೇಲಿನ 35 ಕೋಟಿಯ ಮಾತೂ ಹಾಗೆಯೇ. ಆ ಅಂಕಿ ದಾರಿ ತಪ್ಪಿಸುವಂಥದು ಎಂದು ಅಲ್ಲಿನ ಸರ್ಕಾರಿ ಅಂಕಿಅಂಶ ಪ್ರಾಧಿಕಾರವೇ ಆಗ ಹೇಳಿತ್ತು. ನಿಮ್ಮ ಸಿಟ್ಟಿಗೆ ಕಾರಣವಿದೆ. ಅದನ್ನು ನುಂಗಿಕೊಳ್ಳಿ ಅಂತ ನಾನು ಹೇಳುವುದಿಲ್ಲ.

ನನ್ನ ಬಾಲ್ಯದ ಒಂದು ವಿಷಯ ಹೇಳಲೇಬೇಕು. ನಾನು ಏಳನೇ ಕ್ಲಾಸಿನಲ್ಲಿದ್ದಾಗ ನಮ್ಮಪ್ಪ, ಚಿಕ್ಕಪ್ಪ ಹಿಸ್ಸೆಯಾದರು. ಮಲೆನಾಡಿನ ಮನೆ, ಸ್ವಲ್ಪ ತೋಟ. ‘ಬೇರೆಯಾಗೋಣ’ ಅನ್ನುವ ಮಾತು ಒಂದು ಸಂಜೆ ಜಗುಲಿಯಲ್ಲಿ ಕಾಫಿ ಕುಡಿಯುವಷ್ಟರಲ್ಲಿ ಮುಗಿಯಿತು. ಪಾಲುಪತ್ರಕ್ಕೆ ಸಹಿ ಬೀಳುವುದಕ್ಕೆ ಮೂರು ವರ್ಷ ಬೇಕಾಯಿತು. ತೋಟವನ್ನು ಅಳೆದು ಕೊಡುವುದು ಸುಲಭ. ಬಾವಿ ಯಾರದು? ಬಾವಿಗೆ ಹೋಗುವ ದಾರಿ ಯಾರದು? ಅಜ್ಜಿ ಯಾರ ಕಡೆ ಮಲಗಬೇಕು? ಕೊನೆಗೆ ಜಗುಲಿಯ ನಡುವೆ ಗೋಡೆ ಎದ್ದಿತು, ಬಾವಿ ಮಾತ್ರ ಇಬ್ಬರಿಗೂ ಉಳಿಯಿತು. ಒಂದೇ ಗಡಗಡೆ, ಎರಡು ಹಗ್ಗ. ನಮ್ಮದು ತೆಂಗಿನ ನಾರಿನದು, ಅವರದು ನೈಲಾನಿನದು. ಅಮ್ಮ ನೀರು ಸೇದಿ ತನ್ನ ಹಗ್ಗ ಬಿಚ್ಚಿಕೊಂಡು ಬರುವವರೆಗೆ ಚಿಕ್ಕಮ್ಮ ಕೊಡ ಇಟ್ಟುಕೊಂಡು ಕಾಯುತ್ತಿದ್ದರು. ಮಾತಿರಲಿಲ್ಲ.

ಬ್ರೆಕ್ಸಿಟನ್ನು ಅಲ್ಲಿನ ಪತ್ರಿಕೆಗಳು ವಿಚ್ಛೇದನ ಎಂದು ಬರೆದವು. ನನಗೆ ಅದು ಹಿಸ್ಸೆಯ ಹಾಗೆಯೇ ಕಾಣುತ್ತದೆ. ವಿಚ್ಛೇದನವಾದವರು ಬೇರೆ ಊರಿಗಾದರೂ ಹೋಗಬಹುದು, ಹಿಸ್ಸೆಯಾದವರು ಅದೇ ಗೋಡೆಯ ಆಚೆ ಈಚೆ ಬದುಕಬೇಕು. 1973ರಲ್ಲಿ ಸೇರಿದ ಮನೆಯಿಂದ ಹೊರಡುವ ಮಾತು ಒಂದೇ ಗುರುವಾರದಲ್ಲಿ ಮುಗಿಯಿತು. ಹೊರಡಬೇಕು ಅಂದವರು 1 ಕೋಟಿ 74 ಲಕ್ಷ, ಇರೋಣ ಅಂದವರು 1 ಕೋಟಿ 61 ಲಕ್ಷ. ಪಾಲುಪತ್ರ ಬರೆಯಲು ಕೂತಾಗ ಬಾವಿಯ ಪ್ರಶ್ನೆ ಬಂತು. ಆ ಬಾವಿ ಐರ್ಲೆಂಡಿನ ಗಡಿ. ಐನೂರು ಕಿಲೋಮೀಟರಿನ ಆಸುಪಾಸಿನ ಗೆರೆ, ಒಬ್ಬನೇ ರೈತನ ಹೊಲ ಎರಡೂ ಕಡೆ ಚಾಚಿಕೊಂಡಿರುವ ಜಾಗಗಳು. ದಶಕಗಳ ರಕ್ತಪಾತ ನಿಂತು 1998ರಲ್ಲಿ ಒಪ್ಪಂದವಾದ ಮೇಲೆ ಅಲ್ಲಿ ಕಾವಲುಗೋಪುರಗಳಿಲ್ಲ, ತಪಾಸಣೆಯಿಲ್ಲ. ಒಕ್ಕೂಟದಿಂದ ಹೊರಗೂ ಬರಬೇಕು, ಆ ಗಡಿಯಲ್ಲಿ ಗೇಟೂ ಏಳಬಾರದು. ಓಟಿನ ಚೀಟಿಯಲ್ಲಿ ಇದಕ್ಕೆ ಜಾಗವೇ ಇರಲಿಲ್ಲ. ಅಲ್ಲಿದ್ದದ್ದು ಎರಡು ಚೌಕ, ಇರು ಅಥವಾ ಬಿಡು. ಇಷ್ಟು ತೊಡಕಿನ ಪ್ರಶ್ನೆಯನ್ನು ಹಾಗೆ ಕೇಳಿದ್ದೇ ತಪ್ಪು ಎಂದು ನನಗನಿಸುತ್ತದೆ. ಆ ತಪ್ಪು ನಿಮ್ಮ ಯಜಮಾನರದಲ್ಲ.

ಮುಂದಿನದು ನಿಮಗೆ ಗೊತ್ತು. ನೀವು ಅದನ್ನು ಟಿವಿಯಲ್ಲಿ ಪ್ರತಿದಿನ ಉಂಡಿದ್ದೀರಿ. ಆಗಿನ ಪ್ರಧಾನಿ ತೆರೇಸಾ ಮೇ ಅವರು 585 ಪುಟದ ಒಪ್ಪಂದ ತಂದರು. 2019ರ ಜನವರಿ 15ರಂದು ಸಂಸತ್ತಿನಲ್ಲಿ ಅದು 230 ಮತಗಳ ಅಂತರದಿಂದ ಬಿತ್ತು. ಮಾರ್ಚ್ 12ರಂದು ಮತ್ತೆ ಬಿತ್ತು. ಬಿಟ್ಟುಹೋಗಬೇಕಾಗಿದ್ದ ಮಾರ್ಚ್ 29ರಂದೇ ಮೂರನೇ ಸಲ ಬಿತ್ತು. ಅದಕ್ಕೆ ಎರಡು ದಿನ ಮೊದಲು ಸಂಸದರು, ಹಾಗಾದರೆ ನಮಗೆ ಬೇಕಾದ್ದೇನು ನೋಡೋಣ ಎಂದು ಎಂಟು ದಾರಿಗಳನ್ನು ಮತಕ್ಕೆ ಹಾಕಿದರು. ಎಂಟರಲ್ಲಿ ಒಂದಕ್ಕೂ ಬಹುಮತ ಬರಲಿಲ್ಲ. ಬಿಡುವುದೇ ಬೇಡ ಎಂಬ ಮನವಿಗೆ ಅರವತ್ತು ಲಕ್ಷಕ್ಕೂ ಹೆಚ್ಚು ಸಹಿ ಬಿತ್ತು. ಅತ್ತ ಬಿಟ್ಟೇ ತೀರಬೇಕು ಅನ್ನುವವರು ನಿಮ್ಮ ಸಂಡರ್‌ಲ್ಯಾಂಡಿನಿಂದಲೇ ಲಂಡನ್ನಿಗೆ ಕಾಲ್ನಡಿಗೆ ಹೊರಟರು. ಮೂರು ಸಲ ಗಡುವು ಮುಂದಕ್ಕೆ ಹೋಯಿತು. ಅಕ್ಟೋಬರ್ 31ರ ತಾರೀಕು ಹಾಕಿ 50 ಪೆನ್ಸಿನ ನಾಣ್ಯ ಟಂಕಿಸಿದರು, ಅವತ್ತೂ ಹೊರಡಲಾಗದೆ ಕರಗಿಸಿದರು. ಮೇ ಅವರ ನಂತರ ಪ್ರಧಾನಿಯಾದ ಬೋರಿಸ್ ಜಾನ್ಸನ್ ಸಂಸತ್ತಿಗೇ ಬೀಗ ಹಾಕಿದ್ದನ್ನು ಸುಪ್ರೀಂ ಕೋರ್ಟಿನ ಹನ್ನೊಂದೂ ನ್ಯಾಯಮೂರ್ತಿಗಳು ಕಾನೂನುಬಾಹಿರ ಅಂದರು. ಕೊನೆಗೆ ದೇಶ ಹೊರಗೆ ಬಂದದ್ದು 2020ರ ಜನವರಿ 31ರ ರಾತ್ರಿ 11ಕ್ಕೆ. ಆಮೇಲೂ ಮುಗಿಯಲಿಲ್ಲ. ವ್ಯಾಪಾರದ ಒಪ್ಪಂದಕ್ಕೆ ಆ ಡಿಸೆಂಬರ್ ಬಂತು, ಐರ್ಲೆಂಡಿನ ವಿಷಯಕ್ಕೆ 2023ರಲ್ಲಿ ವಿಂಡ್ಸರಿನಲ್ಲಿ ಮತ್ತೆ ಕೂರಬೇಕಾಯಿತು.

ಇದರಲ್ಲಿ ‘ಆಯಿತು, ಇನ್ನು ಸಾಕು’ ಎಂದು ಉಸಿರು ಬಿಡುವ ಒಂದು ದಿನ ಯಾರಿಗೂ ಸಿಗಲಿಲ್ಲ. ಇರಬೇಕು ಅಂದವರಿಗೆ ಅಳುವುದಕ್ಕೂ ಒಂದು ದಿನ ಸಿಗಲಿಲ್ಲ, ಬಿಡಬೇಕು ಅಂದವರಿಗೆ ನಗುವುದಕ್ಕೂ ಸಿಗಲಿಲ್ಲ. ಸಾವಾದ ಮನೆಯಲ್ಲಿ ಹನ್ನೊಂದನೇ ದಿನ ಅಂತ ಒಂದಿರುತ್ತದೆ. ನಿಮ್ಮ ದೇಶಕ್ಕೆ ಆ ದಿನ ಬರಲೇ ಇಲ್ಲ. ಹಾಗೆ ಮುಗಿಯದ ಸಿಟ್ಟು ಕಣ್ಣೆದುರಿಗೆ ಇರುವವರ ಮೇಲೆ ಹೋಗುತ್ತದೆ. ಅಷ್ಟು ವರ್ಷ ನಿಮ್ಮ ಊಟದ ಮೇಜಿನಲ್ಲಿ ಸಿಕ್ಕಿದವರು ನಿಮ್ಮ ಯಜಮಾನರೊಬ್ಬರೇ.

ಈಗ ನಾನು ಗೆರೆ ಎಳೆದ ಮೊದಲ ಮಾತು. ಎದುರುಮನೆಯ ಅಜ್ಜಿ ಬಟಾಣಿ ಸುಲಿಯುವುದನ್ನು ಇವರು ಕಿಟಕಿಯಿಂದ ನೋಡುತ್ತಿದ್ದರು ಎಂದು ಬರೆದಿದ್ದೀರಿ. ಅದನ್ನು ಹೊಟ್ಟೆಕಿಚ್ಚು ಅಂದಿದ್ದೀರಿ. ನಿಮ್ಮತ್ತೆ ಹಾಸನದ ಮನೆಯಲ್ಲಿ ಯಾರ ಜೊತೆಗಿದ್ದರು? ನೀವು ಬರೆದಿಲ್ಲ. ಒಬ್ಬರೇ ಇದ್ದರೇನೋ ಎಂದು ನನ್ನ ಅನುಮಾನ.

2012ರ ಜುಲೈಯಲ್ಲಿ ಬ್ರಿಟನ್ ತನ್ನ ವಲಸೆ ನಿಯಮ ಬಿಗಿ ಮಾಡಿತು. ನಮ್ಮಂಥ ದೇಶಗಳಿಂದ ಹೋಗಿ ನೆಲೆಸಿದವರು ವಯಸ್ಸಾದ ತಂದೆತಾಯಿಯನ್ನು ಕರೆಸಿಕೊಳ್ಳುವ ಬಾಗಿಲು ಹೆಚ್ಚುಕಡಿಮೆ ಮುಚ್ಚಿಹೋಯಿತು. ದಿನನಿತ್ಯದ ಕೆಲಸಕ್ಕೂ ಇನ್ನೊಬ್ಬರ ಕೈ ಬೇಕಾಗುವ ಸ್ಥಿತಿ ಬಂದಿರಬೇಕು. ಮಗ ಹಣ ಕಳಿಸಿದರೂ ಆ ಆರೈಕೆ ಊರಲ್ಲಿ ಸಿಗುವುದಿಲ್ಲ ಎಂದು ತೋರಿಸಬೇಕು. ನಮ್ಮೂರಲ್ಲಿ ದುಡ್ಡು ಕೊಟ್ಟರೆ ನೋಡಿಕೊಳ್ಳುವವರು ಸಿಗುತ್ತಾರೆ ಅನ್ನುವುದೇ ಸಾಕು, ಅರ್ಜಿ ಬೀಳುತ್ತದೆ. ಯುರೋಪಿನಿಂದ ಬಂದವರಿಗೆ ಬೇರೆ ಕಾನೂನಿತ್ತು. ತಮ್ಮ ಮೇಲೆ ಅವಲಂಬಿಸಿದ ತಾಯಿಯನ್ನು ಅವರು ಕರೆತರಬಹುದಿತ್ತು. ಒಂದೇ ಬೀದಿ, ಎದುರುಬದುರು ಮನೆ. ಒಬ್ಬ ಮಗನ ತಾಯಿ ಬಾಗಿಲಲ್ಲಿ ಬಟಾಣಿ ಸುಲಿಯುತ್ತಿದ್ದಾಳೆ, ಇನ್ನೊಬ್ಬನ ತಾಯಿ ಸಾವಿರಾರು ಮೈಲಿ ದೂರದಲ್ಲಿ ಸಂಜೆಯ ಫೋನಿಗೆ ಕಾಯುತ್ತಿದ್ದಾಳೆ.

ಜನಮತದ ವರ್ಷ ‘ಲೀವ್’ ಪ್ರಚಾರಕ್ಕೆ ಬಂದವರು ನಮ್ಮ ಕಡೆಯವರ ಕಿವಿಯಲ್ಲಿ, ಯುರೋಪಿನವರಿಗಿರುವ ವಿಶೇಷ ಸೌಲಭ್ಯ ಹೋದರೆ ನಿಮಗೆ ನ್ಯಾಯ ಸಿಗುತ್ತದೆ ಎಂದು ಹೇಳಿದ್ದರು. ಅಡುಗೆಯವರಿಗೆ ವೀಸಾ ಸಿಗದೆ ಕಷ್ಟದಲ್ಲಿದ್ದ ಕರಿ ಹೋಟೆಲಿನವರಿಗೆ ಆಗ ಸಚಿವೆಯಾಗಿದ್ದ ಪ್ರೀತಿ ಪಟೇಲ್ ಅವರು ಆಡಿದ್ದು ಇದೇ ಮಾತು. ನಿಮ್ಮ ಯಜಮಾನರು ಆ ಚೌಕದಲ್ಲಿ ಗುರುತು ಹಾಕುವಾಗ ವಲಸೆ ಬೇಡ ಎಂದು ಯೋಚಿಸಿದರೋ, ಅಮ್ಮನನ್ನು ಕರೆತರಬೇಕು ಎಂದು ಯೋಚಿಸಿದರೋ, ನೀವು ಕೇಳಿಲ್ಲ. ನಾನು ಊಹಿಸುತ್ತಿದ್ದೇನೆ, ತಪ್ಪಿರಬಹುದು. ಆದರೆ ತಾಯಿಯನ್ನು ಮಣ್ಣು ಮಾಡುವ ಹೊತ್ತಿಗೂ ತಲುಪಲಾಗದವರು ವಾಪಸ್ ಬಂದು ರಾತ್ರಿಯೆಲ್ಲ ಪಾರ್ಲಿಮೆಂಟ್ ನೋಡಿದರು ಅಂತ ನೀವೇ ಬರೆದಿದ್ದೀರಿ. ರಾಜಕೀಯದ ಹುಚ್ಚು ಅಂತ ನನಗನಿಸಲಿಲ್ಲ. ಅಮ್ಮನ ಹೆಸರಿನಲ್ಲಿ ಹಾಕಿದ ಓಟು ಏನಾಯಿತು ಎಂದು ಕಾದು ಕೂತವರ ಹಾಗೆ ಕಾಣಿಸಿತು.

ಅದರಿಂದ ಏನೂ ಆಗಲಿಲ್ಲ ಅನ್ನುವುದು ಅವರಿಗೂ ಗೊತ್ತು. ಈಗ ಯುರೋಪಿನಿಂದ ಹೊಸದಾಗಿ ಬರುವವರಿಗೂ ತಂದೆತಾಯಿಯ ವಿಷಯದಲ್ಲಿ ಅದೇ ಬಿಗಿ ನಿಯಮ. ನಮ್ಮವರಿಗೆ ಬಾಗಿಲು ತೆರೆಯಲಿಲ್ಲ, ಅವರಿಗೂ ಮುಚ್ಚಿತು, ಅಷ್ಟೇ. ಇದನ್ನು ನಿಮ್ಮವರು ಒಬ್ಬರೇ ನುಂಗಿಕೊಂಡಿದ್ದಾರೆ. ‘ನಿಮ್ಮ ಓಟಿನ ಪ್ರಸಾದ’ ಅಂದಾಗ ನೀವು ಕೈಯಿಟ್ಟದ್ದು ಆ ಗಾಯದ ಮೇಲೆ.

ಎರಡನೆಯ ಗೆರೆ ನಿಮ್ಮ ಡ್ಯೂಟಿಯ ಮೇಲೆ. ಬೆಳಿಗ್ಗೆ ಏಳರಿಂದ ರಾತ್ರಿ ಹತ್ತರವರೆಗೆ ಮತಗಟ್ಟೆ ತೆರೆದಿತ್ತು ಎಂದು ನೀವು ಎಷ್ಟು ಸಲ ಲೆಕ್ಕ ಹಾಕಿದ್ದೀರೋ. ಅವತ್ತು ಮಧ್ಯರಾತ್ರಿ ದಾಟಿದ ಹೊತ್ತಿಗೆ ನಿಮ್ಮೂರಿನ ಫಲಿತಾಂಶ ಬಂತು, ಶೇಕಡಾ 61.3 ‘ಲೀವ್’. ಆ ಅಂಕಿ ಕೇಳಿದ್ದೇ ಪೌಂಡು ಕುಸಿಯಿತು. ಮರುದಿನ ವಾರ್ಡಿನಲ್ಲಿ ಗೆಳತಿಯ ಮುಖ ನೋಡಬೇಕಾಯಿತು. ಅವಳಿಗೆ ಇಲ್ಲದ ಓಟು ನಿಮ್ಮ ಕೈಯಲ್ಲಿತ್ತು. ನಿಮ್ಮ ಒಂದು ಓಟಿನಿಂದ ಏನೂ ಬದಲಾಗುತ್ತಿರಲಿಲ್ಲ, ಅದು ನಿಮಗೂ ಗೊತ್ತು. ಆದರೂ ಅದು ಚುಚ್ಚುತ್ತಿದೆ, ಇಲ್ಲದಿದ್ದರೆ ಇಷ್ಟು ವರ್ಷ ಯಜಮಾನರಿಂದ ಮುಚ್ಚಿಡುತ್ತಿರಲಿಲ್ಲ. ನಿಮ್ಮ ಮೇಲೆ ನಿಮಗಿರುವ ಸಿಟ್ಟಿನ ಒಂದು ಪಾಲನ್ನೂ ಇವರು ಹೊತ್ತುಕೊಂಡಿದ್ದಾರೆ, ಅದು ಏನೆಂದು ತಿಳಿಯದೆ.

ಇನ್ನು ಮಾಡಬೇಕಾದದ್ದು. ಯಾರು ಸರಿ, ಯಾರು ತಪ್ಪು ಅನ್ನುವ ಪಂಚಾಯಿತಿಗೆ ಇಬ್ಬರೂ ಕೂರಬೇಡಿ. ಅದನ್ನು 650 ಸಂಸದರು ಮೂರೂವರೆ ವರ್ಷ ಮಾಡಿದರು. ಇಬ್ಬರಿಗೂ ರಜೆ ಇರುವ ದಿನ, ಮಗ ಮನೆಯಲ್ಲಿಲ್ಲದಾಗ, ಕಾಫಿ ಮಾಡಿಕೊಂಡು ಕೂತು ಮೊದಲು ನಿಮ್ಮ ಮಾತು ಹೇಳಿ. ‘ನಾನು ಅವತ್ತು ಓಟು ಹಾಕಲಿಲ್ಲ ಕಣ್ರೀ, ಇಷ್ಟು ದಿನ ಹೇಳೋಕಾಗಲಿಲ್ಲ’ ಅನ್ನಿ. ಅವರು ಸಿಟ್ಟಾದರೆ ಆಗಲಿ, ಆ ಸಿಟ್ಟು ನ್ಯಾಯದ್ದು, ತಡೆಯಬೇಡಿ. ಆಮೇಲೆ ಕೇಳಿ, ‘ಅತ್ತೇನ ಕರ್ಕೊಂಡು ಬರೋಕಾಗ್ಲಿಲ್ಲ ಅನ್ನೋದು ನಿಮಗೆ ಎಷ್ಟು ನೋವಾಗಿತ್ತು, ನಾನು ಕೇಳಲೇ ಇಲ್ಲ ಅಲ್ವಾ?’ ಅಂತ. ಕೇಳಿದ ಮೇಲೆ ಸುಮ್ಮನಿರಿ. ಅವರು ಉತ್ತರ ಕೊಡದೆ ಎದ್ದುಹೋದರೂ ಹಿಂದೆ ಹೋಗಬೇಡಿ. ಎರಡು ದಿನ, ನಾಲ್ಕು ದಿನ ಬೇಕಾಗಬಹುದು. ನನ್ನ ಊಹೆ ತಪ್ಪಾಗಿದ್ದು ಅವರು ಬೇರೆಯೇ ಕಾರಣ ಹೇಳಿದರೆ ಅದನ್ನೂ ಪೂರ್ತಿ ಕೇಳಿ, ಅದು ನಿಮಗೆ ಹಿಡಿಸದಿದ್ದರೂ. ಮುಂದಿನ ಸಲ ಊರಿಗೆ ಬಂದಾಗ ಅತ್ತೆಯ ಮನೆಯಲ್ಲಿ ಇಬ್ಬರೇ ಎರಡು ದಿನ ಉಳಿಯಿರಿ. ನಿಮ್ಮ ಗೆಳತಿಗೂ ಒಂದು ಫೋನ್ ಮಾಡಿ. ನೀವು ಬರೆದಿಲ್ಲ, ಆದರೆ ಅವಳ ಜೊತೆಗೂ ಮಾತು ನಿಂತಿರಬೇಕು.

ಮಗನ ವಿಷಯದಲ್ಲಿ ಒಂದು ದಾರಿಯಿದೆ. ಅವನು ಇಂಗ್ಲೆಂಡಿನಲ್ಲೇ ಬೆಳೆದವನು, ಬ್ರಿಟಿಷ್ ಪಾಸ್‌ಪೋರ್ಟ್ ಇದ್ದರೆ ಐರ್ಲೆಂಡಿನಲ್ಲಿ ಇರಲು, ಓದಲು ವೀಸಾ ಬೇಡ. ಎರಡು ದೇಶಗಳ ನಡುವಿನ ಆ ಹಳೆಯ ಏರ್ಪಾಡು ಬ್ರೆಕ್ಸಿಟ್ ಆದಮೇಲೂ ಉಳಿದಿದೆ. ಫೀಸಿನಲ್ಲೂ ಅಲ್ಲಿ ಬ್ರಿಟಿಷ್ ವಿದ್ಯಾರ್ಥಿಗಳನ್ನು ಯುರೋಪಿನವರ ಸಾಲಿನಲ್ಲೇ ನೋಡುತ್ತಾರೆ. ಅವನಿಗೆ ಅನ್ವಯಿಸುತ್ತದೆಯೇ ಎಂದು ಕಾಲೇಜಿಗೇ ಬರೆದು ಕೇಳಿ. ಅವನಿಗೆ ನೆದರ್‌ಲ್ಯಾಂಡ್ಸೇ ಬೇಕಿರಬಹುದು, ಡಬ್ಲಿನ್ ರುಚಿಸದಿರಬಹುದು. ಆದರೂ ಒಂದು ಸಂಜೆ ಅವನನ್ನು ಮೇಜಿಗೆ ಕರೆದು ಎರಡೂ ಕಡೆಯ ಖರ್ಚು ಬರೆಯಿರಿ. ಲ್ಯಾಪ್‌ಟಾಪನ್ನು ಅವರಪ್ಪನ ಕಡೆಗೆ ತಿರುಗಿಸಿ ಇಡಿ. ಲೆಕ್ಕ ಅವರೇ ಮಾಡಲಿ.