ಸಿಕ್ಕಿದ ಜನ ಯಾಕೆ ನಿಲ್ಲುವುದಿಲ್ಲ?

ಪುತ್ತೂರು, ಸುಳ್ಯ, ಕಡಬದಲ್ಲಿ ಯಾವ ಮದುವೆ ಊಟದ ಪಂಕ್ತಿಯಲ್ಲಿ ಕುಳಿತರೂ ಅಡಿಕೆ ಧಾರಣೆಯ ಸುದ್ದಿ ಮುಗಿದ ಮೇಲೆ ಬರುವ ಮಾತು ಒಂದೇ: “ಕೆಲಸಕ್ಕೆ ಜನ ಸಿಕ್ಕುವುದಿಲ್ಲ ಮಾರಾಯ್ರೆ.” ಪುತ್ತೂರಿನಲ್ಲಿ ಕೃಷಿ ಯಂತ್ರಗಳ ಮಾರಾಟ, ರಿಪೇರಿಯ ಅಂಗಡಿ ನಡೆಸುವ ನನ್ನ ಅನುಭವ ಸ್ವಲ್ಪ ಬೇರೆ. ಜನ ಸಿಕ್ಕುತ್ತಾರೆ, ನಿಲ್ಲುವುದಿಲ್ಲ. ನಿಲ್ಲದಿರಲು ಕಾರಣ ಹೆಚ್ಚಾಗಿ ಅವರನ್ನು ಸೇರಿಸಿಕೊಂಡ ದಿನವೇ ಹುಟ್ಟಿರುತ್ತದೆ.

ನಮ್ಮ ಕಡೆಯ ಸಂದರ್ಶನ ಹೇಗಿರುತ್ತದೆಂದು ನಿಮಗೂ ಗೊತ್ತು. “ಮನೆ ಎಲ್ಲಿ?” “ಪಂಜದ ಹತ್ತಿರ.” “ಯಾರ ಮಗ?” ಅಪ್ಪನ ಹೆಸರು, ತರವಾಡು, ಅಮ್ಮನ ತವರು ಎಂದು ಕೆದಕುತ್ತಾ ಹೋಗಿ ಎಲ್ಲೋ ಒಂದು ಸಂಬಂಧ ಸಿಕ್ಕಿತೋ, ಮುಗಿಯಿತು: “ಒಳ್ಳೆ ಜನ, ನಾಳೆಯೇ ಬಾ.” ಕೆಲಸದ ಬಗ್ಗೆ ಒಂದು ಪ್ರಶ್ನೆಯೂ ಇಲ್ಲ. ಈ ಪದ್ಧತಿಯನ್ನು ನಾನು ಪೂರ್ತಿ ಬೈಯಲಾರೆ, ಗಲ್ಲಾಪೆಟ್ಟಿಗೆ ಬಿಟ್ಟು ಧೈರ್ಯದಿಂದ ಊಟಕ್ಕೆ ಹೋಗಬಹುದು. ಆದರೆ ಸಂಬಂಧದ ಹುಡುಗನಿಗೆ ನಾವು ತಪ್ಪು ಹೇಳಲು ಹಿಂಜರಿಯುತ್ತೇವೆ, ಅವನು ಕಷ್ಟ ಹೇಳಲು ಹಿಂಜರಿಯುತ್ತಾನೆ. ಕೊನೆಗೊಂದು ಸೋಮವಾರ ಅವನ ಫೋನ್ ಸ್ವಿಚ್ ಆಫ್.

ಈಗ ನಾನು ಮಾತಿಗಿಂತ ಮೊದಲು ಕೆಲಸ ಕೊಡುತ್ತೇನೆ. ಕಟ್ಟಿಕೊಂಡ ಒಂದು ಸ್ಪ್ರೇಯರ್ ಮುಂದಿಟ್ಟು ನೋಡುತ್ತಾ ಕೂರುತ್ತೇನೆ. ಕೊಳೆರೋಗಕ್ಕೆ ಬಿಡುವ ಬೋರ್ಡೋ ಮದ್ದೆಂದರೆ 100 ಲೀಟರ್ ನೀರಿಗೆ 1 ಕಿಲೊ ಮೈಲುತುತ್ತು, 1 ಕಿಲೊ ಸುಣ್ಣ. ಸರಿಯಾಗಿ ಸೋಸದಿದ್ದರೆ, ಸಂಜೆ ಪಂಪ್ ತೊಳೆಯದಿದ್ದರೆ ಸುಣ್ಣದ ಗಸಿ ನಾಝಲ್ಲಿನಲ್ಲಿ ಕುಳಿತುಬಿಡುತ್ತದೆ. ಐಟಿಐಯಲ್ಲಿ ಒಳ್ಳೆ ಅಂಕ ಪಡೆದವನೊಬ್ಬ ಬಂದವನೇ ಸ್ಪ್ಯಾನರ್ ಹಿಡಿದು ಇಂಜಿನ್ ಬಿಚ್ಚತೊಡಗಿದ. ಪಿಯುಸಿ ಫೇಲಾದ ಮತ್ತೊಬ್ಬ ಮೊದಲು ಕೇಳಿದ್ದು, “ಇದರಲ್ಲಿ ಯಾವ ಮದ್ದು ಬಿಟ್ಟದ್ದು? ಆಮೇಲೆ ತೊಳೆದಿದ್ದಾರಾ?” ಎಂದು. ನನಗೆ ಬೇಕಾದವನು ಅವನೇ. ಅಮೆರಿಕದ ಫ್ರಾಂಕ್ ಶ್ಮಿಟ್, ಜಾನ್ ಹಂಟರ್ ಎಂಬ ಮನೋವಿಜ್ಞಾನಿಗಳು 85 ವರ್ಷಗಳ ಸಂಶೋಧನೆಗಳನ್ನು ಒಟ್ಟುಹಾಕಿ 1998ರಲ್ಲಿ ಪ್ರಕಟಿಸಿದ ಲೇಖನವೂ ಇದನ್ನೇ ಹೇಳುತ್ತದೆ: ಎಷ್ಟು ವರ್ಷ ಅನುಭವ ಎಂದು ಎಣಿಸುವುದಕ್ಕಿಂತ ಕೆಲಸ ಮಾಡಿಸಿ ನೋಡಿದರೆ ಆಳು ಹೆಚ್ಚು ಅರ್ಥವಾಗುತ್ತಾನೆ.

ಇನ್ನೊಂದು, ಸೇರಿಸಿಕೊಳ್ಳುವ ಸಮಯ. ಮೊದಲ ಮದ್ದು ಮಳೆ ಹಿಡಿಯುವ ಮುಂಚೆ, ಎರಡನೆಯದು ಸುಮಾರು 40-45 ದಿನ ಬಿಟ್ಟು. ಆ ಹೊತ್ತಿಗೆ ಎರಡು ದಿನ ಹೊಳವಾದರೆ ಸಾಕು, ಮೂರು ತಾಲೂಕಿನ ಪಂಪುಗಳೂ ಅಂಗಡಿಯ ಜಗಲಿಯಲ್ಲಿರುತ್ತವೆ. ನಮಗೆ ಜನ ಬೇಕೆಂದು ನೆನಪಾಗುವುದೂ ಆಗಲೇ. ಹೊಸಬನಿಗೆ ಕಲಿಸುವವರಿಲ್ಲ, ಎದುರಿಗೆ ತೋಟದ ಚಿಂತೆಯಲ್ಲಿ ಸಿಡುಕುವ ಗಿರಾಕಿ. ಅವನು ಓಡದೆ ಇನ್ನೇನು ಮಾಡಿಯಾನು? ಪತ್ತನಾಜೆಗೆ ಮೊದಲೇ ಬಂದು ಕಲಿತವರು ಆಟಿಯ ಮಳೆಯನ್ನೂ ದಾಟಿದ್ದಾರೆ.

ಬಸ್ಸಿನ ವಿಷಯವಂತೂ ಯಾರ ಲೆಕ್ಕಕ್ಕೂ ಬರುವುದಿಲ್ಲ. ಅಂಗಡಿ ಮುಚ್ಚುವುದು ರಾತ್ರಿ, ಕಾಣಿಯೂರು ಕಡೆಯ ಒಳಮಾರ್ಗಕ್ಕೆ ಹೋಗುವ ಕೊನೆಯ ಬಸ್ಸು ಅದಕ್ಕೂ ಮೊದಲು. ಹುಡುಗ ದಿನಾ ಗಡಿಯಾರ ನೋಡುತ್ತಾನೆ, ಯಜಮಾನರು “ಇವನಿಗೆ ಕೆಲಸದಲ್ಲಿ ಮನಸ್ಸಿಲ್ಲ” ಅನ್ನುತ್ತಾರೆ. ಅವನನ್ನು ಅರ್ಧ ಗಂಟೆ ಬೇಗ ಬಿಟ್ಟು, ಬೆಳಿಗ್ಗೆ ಅರ್ಧ ಗಂಟೆ ಬೇಗ ಬರಹೇಳಿದರೆ ಆಯಿತು. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ಸರ್ಕಾರಿ ಬಸ್ಸಿರುವ ಊರುಗಳ ಹೆಣ್ಣುಮಕ್ಕಳಿಗೆ ಸಂಬಳದಲ್ಲಿ ಟಿಕೆಟಿನ ಪಾಲು ಉಳಿಯಿತು. ಬಿಡಿಭಾಗಗಳ ಕೌಂಟರಿನಲ್ಲಿ ನನ್ನಲ್ಲಿ ಹೆಚ್ಚು ಕಾಲ ನಿಂತವರು ಅವರೇ.

ಮಾತಿನ ಸಂಗತಿಯೂ ಉಂಟು. ಗಟ್ಟದ ಮೇಲಿನಿಂದ ಬಂದ ಜಾಣ ಸೇಲ್ಸ್‌ಮನ್ ಒಬ್ಬ ಇಲ್ಲಿ ಒಂದು ತಿಂಗಳಿಗೇ ಸೋತ. ಸುಳ್ಯದ ಗೌಡರದ್ದು ಅರೆಭಾಷೆ, ಬ್ಯಾರಿಗಳದ್ದು ಅವರದೇ ಭಾಷೆ, ಎಲ್ಲರ ನಡುವೆ ತುಳು. ಅವನಿಗೆ ಮಾಲು ಗೊತ್ತಿತ್ತು, ಗಿರಾಕಿಯ ತಮಾಷೆ ಗೊತ್ತಾಗುತ್ತಿರಲಿಲ್ಲ. ಮೊದಲ ಎರಡು ತಿಂಗಳು ಅವನನ್ನು ಸ್ಟೋರಿನಲ್ಲಿಟ್ಟು ಕಿವಿ ಪಳಗಿಸಿದ್ದರೆ ಉಳಿಯುತ್ತಿದ್ದನೋ ಏನೋ.

ನೇಮ, ಜಾತ್ರೆಗೆ ಎಷ್ಟು ರಜೆ ಬೇಕು, ಗಲ್ಫ್ ವೀಸಾಕ್ಕೆ ಅರ್ಜಿ ಕೊಟ್ಟದ್ದುಂಟೋ ಎಂದು ಮೊದಲ ದಿನವೇ ಕೇಳುವುದರಲ್ಲಿ ನಾಚಿಕೆಯಿಲ್ಲ. “ಇನ್ನು ಆರು ತಿಂಗಳಿಗೆ ಹೋಗ್ತೇನೆ” ಎಂದು ನೇರ ಹೇಳಿದವನು, ಹೇಳದೆ ಹೋಗುವವನಿಗಿಂತ ಎಷ್ಟೋ ಮೇಲು. ಸಂಬಳ, ರಜೆ, ಹೊತ್ತು ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದುಕೊಡಿ. ನೇಮಕಾತಿ ಪತ್ರ ಕೊಡಬೇಕೆಂದು ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಲ್ಲೇ ಇದೆ. ನಮ್ಮ ಪೇಟೆಗಳಲ್ಲಿ ಅದನ್ನು ಕಂಡವರು ಅಪರೂಪ.

ಮುಂದಿನ ಮಳೆಗಾಲಕ್ಕೆ ಜನ ಬೇಕಿದ್ದರೆ ಫೆಬ್ರವರಿಯಲ್ಲೇ ಕರೆಯಿರಿ, ಒಂದು ದಿನ ಕೆಲಸ ಮಾಡಿಸಿ ನೋಡಿ. ಸೇರಿಸಿಕೊಳ್ಳಿ, ಬಿಡಿ, ಆ ದಿನದ ಸಂಬಳ ಮಾತ್ರ ಸಂಜೆಯೇ ಕೈಗೆ ಕೊಡಿ. ಪುತ್ತೂರಿನಲ್ಲಿ ಬಾಕಿ ಇಟ್ಟದ್ದು ಕಡಬಕ್ಕೆ ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೇ ಮುಟ್ಟುತ್ತದೆ.