ಮನೆಯಂಗಳದ ಧ್ವಜಸ್ತಂಭ: ಆಯ್ಕೆಯಲ್ಲಿ ಔಚಿತ್ಯ

ಬಾವುಟಕ್ಕೆ ಕನ್ನಡದಲ್ಲಿ ಹೆಸರುಗಳು ಹಲವು. ಧ್ವಜ, ಪತಾಕೆ, ಕೇತನಗಳು ಸಂಸ್ಕೃತದಿಂದ ಬಂದವು. ಹಳಗನ್ನಡದ ‘ಗುಡಿ’ ಎಂಬ ಶಬ್ದಕ್ಕೂ ಧ್ವಜವೆಂಬ ಅರ್ಥವುಂಟು. ‘ಗುಡಿಗಟ್ಟು’ ಎಂದರೆ ಬಾವುಟವನ್ನೇರಿಸಿ ಸಂಭ್ರಮಿಸುವುದು. ಏರಿಸುವುದೆಂದ ಮೇಲೆ ಆಧಾರವೊಂದು ಬೇಕು. ಬಟ್ಟೆಯ ವಿಷಯದಲ್ಲಿರುವ ಆದರ ಆ ಆಧಾರವಾದ ಕಂಬದ ವಿಷಯದಲ್ಲಿ ಕಾಣುವುದು ವಿರಳ.

2002ರ ಜನವರಿ 26ರಂದು ಜಾರಿಗೆ ಬಂದ ಭಾರತದ ಧ್ವಜಸಂಹಿತೆಯು ಸಾಮಾನ್ಯ ನಾಗರಿಕನಿಗೂ ವರ್ಷದ ಎಲ್ಲ ದಿನಗಳಲ್ಲಿ ತ್ರಿವರ್ಣಧ್ವಜವನ್ನು ಹಾರಿಸಲು ಅವಕಾಶವಿತ್ತಿತು. ಗೌರವಪೂರ್ವಕವಾಗಿ ಧ್ವಜ ಹಾರಿಸುವುದು ಅಭಿವ್ಯಕ್ತಿಸ್ವಾತಂತ್ರ್ಯದ ಅಂಗವೆಂದು 2004ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. 2022ರ ಜುಲೈ ತಿದ್ದುಪಡಿಯಿಂದ ಮನೆಯ ಮೇಲಿನ ಧ್ವಜವು ಹಗಲಿರುಳೂ ಹಾರಬಹುದಾಗಿದೆ. ಹೀಗಾಗಿ ಕಂಬದ ವಿಚಾರವು ಕಚೇರಿ, ಶಾಲೆಗಳನ್ನು ದಾಟಿ ಮನೆಯಂಗಳಕ್ಕೆ ಬಂದಿದೆ.

ಮೊದಲನೆಯದು ಪ್ರಮಾಣ. ಧ್ವಜದ ಉದ್ದಗಲಗಳ ಅನುಪಾತ 3:2. ನಿಯತವಾದ ಒಂಬತ್ತು ಅಳತೆಗಳಲ್ಲಿ 900×600 ಮತ್ತು 1350×900 ಮಿಲಿಮೀಟರಿನವು ಮನೆಗೆ ಒಪ್ಪುವಂಥವು. ಕಂಬದ ಎತ್ತರವು ಧ್ವಜದ ಉದ್ದದ ಸುಮಾರು ನಾಲ್ಕರಷ್ಟಿರಬೇಕೆಂಬುದು ರೂಢಿಯ ಲೆಕ್ಕ. ಅಂತೆಯೇ ಮೊದಲನೆಯದಕ್ಕೆ 12 ಅಡಿ, ಎರಡನೆಯದಕ್ಕೆ 18 ಅಡಿ ಸಾಕು. ಶಾಲೆಯ ಮೈದಾನಕ್ಕೆ ಶೋಭಿಸುವ ಕಂಬವು ಕಿರಿದಾದ ಅಂಗಳದಲ್ಲಿ ಶೋಭಿಸದು.

ಎರಡನೆಯದು ಗಾಳಿ. ಗಾಳಿಯ ವೇಗ ಇಮ್ಮಡಿಯಾದರೆ ಅದರ ಒತ್ತಡ ನಾಲ್ಮಡಿಯಾಗುತ್ತದೆ. ಅದೇ ಧ್ವಜವನ್ನು ಇಮ್ಮಡಿ ಎತ್ತರದಲ್ಲಿ ಕಟ್ಟಿದರೆ ಕಂಬದ ಬುಡವನ್ನು ಬಾಗಿಸುವ ಬಲವೂ ಇಮ್ಮಡಿಯಾಗುತ್ತದೆ. ಆಷಾಢದ ಗಾಳಿಯನ್ನು ನೆನೆದೇ ಬುಡವನ್ನು ಭದ್ರಪಡಿಸಬೇಕು. ಎತ್ತರದ ಹತ್ತನೆಯ ಒಂದಂಶಕ್ಕೆ ಕಡಿಮೆಯಾಗದಂತೆ ಕಂಬವನ್ನು ನೆಲದಲ್ಲಿ ಹೂಳಿ, ಸುತ್ತ ಕಾಂಕ್ರೀಟು ಹಾಕುವುದು ಕ್ರಮ. ಮಳೆಗೆ ಉಬ್ಬಿ ಬೇಸಗೆಗೆ ಬಿರಿಯುವ ಎರೆಮಣ್ಣಿನಲ್ಲಿ ತಳಪಾಯ ಇನ್ನೂ ಆಳಕ್ಕೆ ಹೋಗಬೇಕು.

ಮೂರನೆಯದು ದ್ರವ್ಯ. ಬಿದಿರು ಅಗ್ಗ, ಹಗುರ. ಆದರೆ ನೆಲಕ್ಕೆ ತಾಗಿದ ಭಾಗ ಗೆದ್ದಲಿಗೆ ತುತ್ತಾಗುತ್ತದೆ. ಸತುವಿನ ಲೇಪವುಳ್ಳ ಕಬ್ಬಿಣದ ಪೈಪು ಬಹುಕಾಲ ಬಾಳುತ್ತದೆ. ಲೇಪ ಕಿತ್ತುಹೋದಲ್ಲಿ ತುಕ್ಕು ತೊಡಗುತ್ತದೆ. ಅಲ್ಯೂಮಿನಿಯಂ ಹಗುರವಾಗಿದ್ದು ಕಬ್ಬಿಣದಂತೆ ತುಕ್ಕು ಹಿಡಿಯದು, ಬೆಲೆ ಹೆಚ್ಚು. ಪೈಪಿನ ತುದಿಯನ್ನು ಮುಚ್ಚದಿದ್ದರೆ ಮಳೆನೀರು ಒಳಗಿಳಿದು ಕಾಣದಂತೆ ಬುಡವನ್ನು ತಿನ್ನುತ್ತದೆ. ತುದಿಯ ರಾಟೆ ಸಲೀಸಾಗಿ ತಿರುಗಬೇಕು. ಏಕೆಂದರೆ ಧ್ವಜವನ್ನು ಚುರುಕಾಗಿ ಏರಿಸಿ ನಿಧಾನವಾಗಿ ಇಳಿಸಬೇಕೆಂಬುದು ಸಂಹಿತೆಯ ವಿಧಿ.

ಎಲ್ಲಕ್ಕಿಂತ ಮುಖ್ಯವಾದುದು ಸ್ಥಳ. ಕಬ್ಬಿಣದ ಕಂಬವನ್ನು ನಿಲ್ಲಿಸುವಾಗ ವಿದ್ಯುತ್ ತಂತಿ ತಗುಲಿ ಪ್ರಾಣಹಾನಿಯಾದ ನಿದರ್ಶನಗಳುಂಟು. ಹಸಿಯಾದ ಬಿದಿರಿನಲ್ಲೂ ವಿದ್ಯುತ್ತು ಹರಿಯಬಲ್ಲದು. ಆದುದರಿಂದ ಕಂಬವು ಯಾವ ದಿಕ್ಕಿಗೆ ಉರುಳಿದರೂ ತಂತಿಯನ್ನು ಮುಟ್ಟದಷ್ಟು ದೂರದಲ್ಲಿರಬೇಕು. ಅಂಥ ಸ್ಥಳವಿಲ್ಲದ ಮನೆಗೆ ಗೋಡೆಗೆ ಓರೆಯಾಗಿ ಬಿಗಿದ ಕಿರುದಂಡವೇ ಉಚಿತ. ಹೀಗೆ ಹಾರಿಸುವಾಗ ಕೇಸರಿ ಪಟ್ಟಿಯು ದಂಡದ ತುದಿಯತ್ತ ಇರಬೇಕು.

ಧ್ವಜವಿರುವ ಕಂಬದ ತುದಿಯಲ್ಲಿ ಹೂಮಾಲೆಯನ್ನಾಗಲಿ ಲಾಂಛನವನ್ನಾಗಲಿ ಇರಿಸಕೂಡದು. ಅದೇ ಕಂಬಕ್ಕೆ ಮತ್ತೊಂದು ಬಾವುಟವನ್ನು ಕಟ್ಟಕೂಡದು. ಹರಿದ, ಮಾಸಿದ ಧ್ವಜವನ್ನು ಹಾರಿಸಕೂಡದು. ಧಾರವಾಡದ ಬಳಿಯ ಗರಗದಲ್ಲಿ ಧ್ವಜದ ಖಾದಿಯನ್ನು ನೇಯುವ, ಹುಬ್ಬಳ್ಳಿಯ ಬೆಂಗೇರಿಯಲ್ಲಿ ಅಳತೆ ತಪ್ಪದಂತೆ ಹೊಲಿಯುವ ಕೈಗಳ ಶ್ರಮವು ಕೈಗೆಟುಕದ ಕಂಬದ ಮೇಲೆ ಚಿಂದಿಯಾಗಿ ಉಳಿಯುವುದು ಗೌರವವೆನಿಸದು.

ಔಚಿತ್ಯವೇ ಕಾವ್ಯದ ಜೀವಿತವೆಂದು ಕ್ಷೇಮೇಂದ್ರನು ಸಾರಿದನು. ಆ ಮಾತು ಕಂಬಕ್ಕೂ ಸಲ್ಲುತ್ತದೆ. ನೆರೆಮನೆಯ ಕಂಬಕ್ಕಿಂತ ಎತ್ತರವಾದುದು ಶ್ರೇಷ್ಠವಲ್ಲ. ಮನೆಯವರು ತಮ್ಮ ಕೈಯಿಂದಲೇ ಏರಿಸಿ, ಬಿರುಗಾಳಿ ಬಂದಾಗ ಇಳಿಸಿ, ಒಣಗಿಸಿ, ಮಡಿಸಿಡಬಲ್ಲ ಕಂಬವೇ ಶ್ರೇಷ್ಠ.