ಮುಟ್ಟಾದರೂ ಈಜು ತಪ್ಪದಿರಲಿ

ಬೇಸಿಗೆಯ ಈಜು ತರಗತಿಗೆ ಹಣ ಕಟ್ಟಿ, 'ಡೇಟ್ ಬಂತು' ಎಂದು ನಾಲ್ಕೈದು ದಿನ ದಡದಲ್ಲೇ ಕೂರುವ ಹುಡುಗಿಯರು ಬಹಳ. ಮೈ ಕೈ ನೋವೆಂದು ಕೂತರೆ ಸರಿ. ಏನು ಬಳಸಬೇಕೆಂದು ತಿಳಿಯದೆ ಕೂತಿದ್ದರೆ ಮುಂದೆ ಓದಿ.

1. ಪ್ಯಾಡ್ ಹಾಕಿಕೊಂಡು ನೀರಿಗಿಳಿಯಬೇಡಿ. ಅದು ಕೊಳದ ನೀರನ್ನೇ ಹೀರಿ ಉಬ್ಬುತ್ತದೆ. ಈಜಿಗೆ ಒಗ್ಗುವುದು ಟ್ಯಾಂಪೂನ್ ಅಥವಾ ಮುಟ್ಟಿನ ಕಪ್. 'ನೀರಿಗಿಳಿದರೆ ಸ್ರಾವ ನಿಲ್ಲುತ್ತದೆ' ಎಂದು ಗೆಳತಿ ಹೇಳಿದ್ದರೆ ಅರ್ಧ ಮಾತ್ರ ನಂಬಿ: ನೀರಿನ ಒತ್ತಡಕ್ಕೆ ಹೊರಬರುವುದು ಕಡಿಮೆಯಾಗುತ್ತದೆ, ನಿಲ್ಲುವುದಿಲ್ಲ. ಕೊಳ ಮೈಲಿಗೆಯಾದೀತೆಂಬ ಅಜ್ಜಿಯ ಚಿಂತೆಯನ್ನು ಕ್ಲೋರಿನ್‌ಗೆ ಬಿಡಿ.

2. ಕಪ್ಪಿನ ಮೊದಲ ಪ್ರಯೋಗ ಮನೆಯಲ್ಲೇ ಆಗಲಿ, ರಜೆಯ ದಿನ, ಆತುರವಿಲ್ಲದೆ. ಕೈ ತೊಳೆದು, ಕುಕ್ಕರುಗಾಲಲ್ಲಿ ಕೂತು, ಕಪ್ಪಿನ ಬಾಯಿ ಮಡಚಿ ಒಳಗೆ ಸೇರಿಸಿ. ಪೂರ್ತಿ ಅರಳಿತೇ ಎಂದು ಬೆರಳಾಡಿಸಿ ನೋಡಿ. ತೆಗೆಯುವಾಗ ಬಾಲ ಹಿಡಿದು ಎಳೆಯಬೇಡಿ. ಬುಡ ಒತ್ತಿ ಗಾಳಿಯ ಹಿಡಿತ ಬಿಡಿಸಿಕೊಳ್ಳಿ. ಮೊದಲ ಒಂದೆರಡು ತಿಂಗಳು ಎಡವಟ್ಟಾಗುವುದು ಸಹಜ. 'ಮದುವೆಯಾಗದವರಿಗೆ ಇದೆಲ್ಲ ಯಾಕೆ?' ಎಂದು ಅಮ್ಮ ಕೇಳಿಯೇ ಕೇಳುತ್ತಾರೆ. ಕನ್ಯಾಪೊರೆ ಒಬ್ಬೊಬ್ಬರಿಗೆ ಒಂದೊಂದು ಥರ ಇರುತ್ತದೆ, ಕಪ್ಪಿನಿಂದ ಹಿಗ್ಗಲೂಬಹುದು. ಅದನ್ನು ನೋಡಿ ಕನ್ಯತ್ವ ಹೇಳಲು ಯಾವ ವೈದ್ಯರಿಗೂ ಆಗದು ಎನ್ನಿ. ಇನ್ನೂ ಹಿಂಜರಿಕೆಯಿದ್ದರೆ, ಸ್ರಾವ ಕಡಿಮೆಯಿರುವ ದಿನಗಳಿಗೆ ಹೀರುವ ಪದರವಿರುವ ಪೀರಿಯಡ್ ಈಜುಡುಗೆ ಸಾಕು.

3. ಗಡಿಯಾರ ನೋಡಿ. ಟ್ಯಾಂಪೂನ್ 4ರಿಂದ 8 ಗಂಟೆ, ಕಪ್ ಹೆಚ್ಚೆಂದರೆ 12 ಗಂಟೆ. ಹೊತ್ತು ಮೀರಿದರೆ ಬರಬಹುದಾದ, ಬ್ಯಾಕ್ಟೀರಿಯಾದ ವಿಷದಿಂದಾಗುವ ಟಾಕ್ಸಿಕ್ ಶಾಕ್ ಸಿಂಡ್ರೋಮ್ ತೀರಾ ಅಪರೂಪ, ಆದರೆ ಪ್ರಾಣಕ್ಕೇ ಕುತ್ತು. ದಿಢೀರ್ ಜ್ವರ, ವಾಂತಿ, ಮೈಮೇಲೆ ದದ್ದು ಕಂಡರೆ ಟ್ಯಾಂಪೂನ್ ಅಥವಾ ಕಪ್ ತೆಗೆದು ತಕ್ಷಣ ಆಸ್ಪತ್ರೆಗೆ ಹೋಗಿ. ಈಜಿ ಬಂದೊಡನೆ ಒದ್ದೆ ಟ್ಯಾಂಪೂನ್ ಬದಲಿಸಿ.

4. ಮುಟ್ಟಿನ ಹೊಟ್ಟೆನೋವಿಗೆ ಮೂಲ ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕ. ಗರ್ಭಕೋಶವನ್ನು ಹಿಂಡಿಸುವುದು ಅದೇ. ವಾರಕ್ಕೆ ಮೂರು ಬಾರಿಯಾದರೂ ವ್ಯಾಯಾಮ ಮಾಡುವವರಿಗೆ ತಿಂಗಳುಗಳು ಕಳೆದಂತೆ ಈ ನೋವು ತಗ್ಗುವುದುಂಟು. ನೋವು ಶುರುವಾದ ದಿನವೇ ಪವಾಡ ನಿರೀಕ್ಷಿಸಬೇಡಿ. ಅಂದು ನಿಧಾನವಾಗಿ ನಾಲ್ಕು ಸುತ್ತು ಈಜಿದರೂ ಆಯಿತು, ನಡೆದರೂ ಆಯಿತು.

5. ಕೋಚ್‌ಗೆ ಬಾಯಿಬಿಟ್ಟು ಹೇಳಿ. 2016ರ ರಿಯೋ ಒಲಿಂಪಿಕ್ಸ್‌ನಲ್ಲಿ ಚೀನಾದ ಮೆಡ್ಲೆ ರಿಲೇ ತಂಡ ನಾಲ್ಕನೆಯದಾದಾಗ, ತಂಡದ ಈಜುಗಾರ್ತಿ ಫು ಯುವಾನ್‌ಹುಯಿ ಟೀವಿ ಕ್ಯಾಮೆರಾ ಮುಂದೆಯೇ ಹಿಂದಿನ ದಿನ ಮುಟ್ಟಾದದ್ದನ್ನು, ಸುಸ್ತಾದದ್ದನ್ನು ಹೇಳಿದಳು. ಅದನ್ನು ಸೋಲಿಗೆ ನೆಪ ಮಾಡಲಿಲ್ಲ. ಮುಟ್ಟಿನಲ್ಲಿ ಈಜಬಹುದು ಎಂಬುದೇ ಅವಳ ನಾಡಿನ ಹಲವರಿಗೆ ಹೊಸ ಸುದ್ದಿಯಾಗಿತ್ತು.

6. ಮುಟ್ಟಿನಲ್ಲಿ ಕಳೆದುಹೋಗುವ ಕಬ್ಬಿಣಾಂಶ ತುಂಬಿಕೊಳ್ಳಲು ನುಗ್ಗೆಸೊಪ್ಪು, ಹುರುಳಿ ತಿನ್ನಿ, ಜೊತೆಗೆ ನಿಂಬೆ ಹಿಂಡಿಕೊಳ್ಳಿ. ಊಟದ ಬೆನ್ನಲ್ಲೇ ಕಾಫಿ ಬೇಡ, ಕಬ್ಬಿಣಾಂಶ ಮೈಗೆ ಹತ್ತದು.

7. ಗಂಟೆಗೊಂದು ಪ್ಯಾಡ್ ತೊಯ್ದರೆ ಅಥವಾ ಸ್ರಾವ ಏಳು ದಿನ ದಾಟಿದರೆ ವೈದ್ಯರಿಗೆ ತೋರಿಸಿ. ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆಯಿದ್ದರೆ ರಕ್ತಹೀನತೆ. ಎರಡೇ ಸುತ್ತಿಗೆ ಏದುಸಿರು ಬರುತ್ತಿದ್ದರೆ, ಸ್ಟ್ಯಾಮಿನಾ ಇಲ್ಲವೆಂದು ನಿಮ್ಮನ್ನೇ ಬೈದುಕೊಳ್ಳುವ ಮೊದಲು ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ.